ಮೊದಲ ಸಾಲಿನ ಚಪ್ಪಾಳೆ

ಹುಬ್ಬಳ್ಳಿಯ ಕಾಲೇಜುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರಿಗೆ ನೋವಾಗುವುದಿಲ್ಲ. ಅದೆಲ್ಲ ಆಗುವುದು ಗ್ಯಾಲರಿಯ ಮೊದಲ ಸಾಲಿನಲ್ಲಿ, ಮಕ್ಕಳ ನೋವನ್ನು ಎಳೆದುಕೊಳ್ಳುವ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಸಿಕೊಂಡು ಕೂತ ಹೆತ್ತವರಿಗೆ. ಕೊನೆಯ ಸೀಟಿ ಊದುವ ತನಕ ಆ ಪಟ್ಟಿ ಬಿಚ್ಚಲು ಬರುವುದಿಲ್ಲ.

ದಾಕ್ಷಾಯಣಿ ಈ ಸೀಸನ್ನಿನ ಏಳು ಪಂದ್ಯಗಳನ್ನೂ ಹಲ್ಲು ಕಚ್ಚಿ ಮುಗಿಸಿದ್ದಳು. ಮಗ ಬಸವಪ್ರಭು ಬಿದ್ದಾಗಲೆಲ್ಲ ಎದ್ದು ಅವಳತ್ತ ನೋಡುತ್ತಿದ್ದ. ಅವಳು ಚಪ್ಪಾಳೆ ತಟ್ಟಿದರೆ ಪೆಟ್ಟು ಸಣ್ಣದು, ಆಡಬಹುದು ಎಂದರ್ಥ. ಪಕ್ಕೆ ಹಿಡಿದುಕೊಂಡು ಉಸಿರು ಸಿಕ್ಕದಿದ್ದಾಗಲೂ ಅವಳು ತಟ್ಟಿದ್ದಳು, ಹುಡುಗ ಎದೆಗುಂದಬಾರದಲ್ಲ.

ಇವತ್ತು ಫೈನಲ್. ಮೂವರು ಒಟ್ಟಿಗೆ ಬಸವಪ್ರಭುವಿನ ಮೇಲೆ ಬಿದ್ದರು. ದಾಕ್ಷಾಯಣಿಯ ಎಡಗಾಲಿನೊಳಗೆ ಎಲುಬು ಮುರಿದಂಥ ನೋವು ಸೀಳಿಕೊಂಡು ಹೋಯಿತು. ಮಗ ಎದ್ದು ತಿರುಗಿ ನೋಡಿದ. ಅವಳು ಯೋಚಿಸುವ ಮೊದಲೇ ಕೈಗಳು ರೂಢಿಯಂತೆ ಚಪ್ಪಾಳೆ ತಟ್ಟಿಬಿಟ್ಟವು.

"ಓಡಬ್ಯಾಡೋ! ಕಾಲು ಮುರದೈತಿ, ಕುಂದರೋ!" ಎಂದು ಆಮೇಲೆ ಚೀರಿದಳು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಆಟಗಾರನ ತಾಯಿ ಮಾಬೂಬಿ ಅವಳ ರಟ್ಟೆ ಹಿಡಿದಳು. "ಅಕ್ಕಾರ, ಹಂಗ ಚೀರಬ್ಯಾಡ್ರಿ, ಹುಡುಗ ಹೆದರತಾನ. ಚಪ್ಪಾಳಿ ಹೊಡೀರಿ." ಅಷ್ಟು ಹೇಳಿ ತಾನೇ ಜೋರಾಗಿ ತಟ್ಟತೊಡಗಿದಳು. ಇಡೀ ಸಾಲು ಎದ್ದು ನಿಂತು ತಟ್ಟಿತು. ದಾಕ್ಷಾಯಣಿಯ ಕೂಗು ಅದರೊಳಗೇ ಮುಳುಗಿಹೋಯಿತು.

ಬಸವಪ್ರಭು ನಕ್ಕು, ಅವ್ವನತ್ತ ಕೈ ಎತ್ತಿದ. ಆಟ ಮತ್ತೆ ಶುರುವಾಗುತ್ತಲೇ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಅದೇ ಎಡಗಾಲೂರಿ ಓಡತೊಡಗಿದ.

ದಾಟಿದರೆ ಅಂಕ ಸಿಗುವ ಗೆರೆ ಇನ್ನೂ ನಲವತ್ತು ಗಜ ದೂರವಿತ್ತು.