ಮಕ್ತುಮ್ ಸಾಬನ ಕೈ

"ಇದು ಮಕ್ತುಮ್ ಸಾಬನ ಕೈಯೇ. ಬೇರೆ ಯಾರದೂ ಅಲ್ಲ" ಎಂದು ಹಿದಾಯತ್ ಮಾಸ್ತರು ಗೋರಿಕಲ್ಲಿನ ಮುಂದೆ ಮೊಣಕಾಲೂರಿ ಕೂತು ತೀರ್ಪು ಕೊಟ್ಟರು.

ಹರಿಹರದ ಹಳೆಯ ಖಬರಸ್ತಾನದಲ್ಲಿ ಅದನ್ನು ಕೇಳಲು ಇಬ್ಬರಿದ್ದರು. ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಮಾಸ್ತರನ್ನು ಕರೆತಂದಿದ್ದ ಮುದುಕಿ ಬೀಬಿಜಾನ್, ಮತ್ತು ಬೀಗ ತೆಗೆದುಕೊಟ್ಟ ಕಾವಲುಗಾರ ಹುಸೇನ್ ಸಾಬ್. ಇಬ್ಬರಿಗೂ ಓದು ಬರುತ್ತಿರಲಿಲ್ಲ. ಇಂಥ ಸಭೆ ಸಿಕ್ಕಾಗ ವಿದ್ವಾಂಸರು ಬೇಗ ಮುಗಿಸುವುದಿಲ್ಲ.

"ನೋಡ್ರಿ ಖಾಲಾ, ಉರ್ದುವಿನ ನೂನ್ ಅಕ್ಷರದ ಹೊಟ್ಟೆ ದೋಣಿಯಂಗೆ ಇರಬೇಕು. ಇವನದು ಒಗ್ಗರಣೆ ಸೌಟು. ಈ ಚುಕ್ಕಿಗಳನ್ನ ಕೆತ್ತಿಲ್ಲ, ಕುಟ್ಟಿದಾನೆ. ಬೀಸುಕಲ್ಲಿಗೆ ಕುಟ್ತಾರಲ್ಲ, ಹಂಗೆ."

"ಅವನ ಕಸುಬೇ ಅದು" ಎಂದಳು ಬೀಬಿಜಾನ್. "ಓಣಿ ಓಣಿ ತಿರುಗಿ ಬೀಸುಕಲ್ಲು ಕುಟ್ಟಿ ಕೊಡ್ತಿದ್ದ. ಯಾರಾದ್ರೂ ಸತ್ರೆ ಗೋರಿಕಲ್ಲೂ ಮಾಡ್ತಿದ್ದ. ನಮ್ಮ ನೂರ್ಜಹಾನ್‌ಗೆ ಅವನೇ ಮಾಡಿದ್ದು."

ನೂರ್ಜಹಾನ್ ಅವಳ ಒಬ್ಬಳೇ ಮಗಳು. ಕಾಲರಾ ಬಂದ ವರ್ಷ ಅಂಗಳದಲ್ಲಿ ಆಡುತ್ತಿದ್ದವಳು ಸಂಜೆಗೆ ಇರಲಿಲ್ಲ. ಗಂಡ ಮುಂಬಯಿಗೆ ಹೋಗಿ ಅಲ್ಲಿಯೇ ಮಣ್ಣಾದ. ಬೀಬಿಜಾನ್ ದಾವಣಗೆರೆ ಸೇರಿ ಹತ್ತಿ ಮಿಲ್ಲಿನಲ್ಲಿ ಮುದುಕಿಯಾದಳು. ಈಗ, ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ, ಹಳೆಯ ಖಬರಸ್ತಾನ ತುಂಬಿತೆಂದು ಜಮಾತಿನವರು ಮುಚ್ಚುತ್ತಿದ್ದರು. ಯಾವಾಗಲೋ ಹೊಳೆ ಏರಿ ಬಂದು ದಿಬ್ಬಗಳನ್ನೆಲ್ಲ ಸಮ ಮಾಡಿ, ಕಲ್ಲುಗಳನ್ನಷ್ಟೇ ನಿಲ್ಲಿಸಿ ಹೋಗಿತ್ತು. ಗುರುತಿಗಿದ್ದ ಬೇವಿನ ಮರವೂ ಇಲ್ಲ.

"ಸ್ವಂತದವರ ಗೋರಿ ಇದೇ ಅಂತ ತೋರಿಸಿದ್ರೆ ಮಗ್ಗುಲಲ್ಲಿ ಜಾಗ ಕೊಡ್ತಾರೆ" ಎಂದ ಹುಸೇನ್ ಸಾಬ್. "ಇಲ್ಲಾಂದ್ರೆ ಊರಾಚೆ ಹೊಸ ಜಾಗ. ಗಾಳಿ ಬೆಳಕು ಚಲೋ ಐತೆ. ಇನ್ನೂ ಯಾರೂ ಹೋಗಿಲ್ಲ ನೋಡು, ನೀನೇ ಮೊದಲು."

"ಬ್ಯಾಡಪ್ಪ. ಜೀವ ಇದ್ದಾಗ ಒಬ್ಬಳೇ ಇದ್ದದ್ದು ಸಾಕು. ಓದ್ರಿ ಮಾಸ್ತರೇ."

ಮಾಸ್ತರು ಕಡ್ಡಿಯಿಂದ ಪಾಚಿ ಕೆರೆದರು. ಹಾಜಿ ಉಸ್ಮಾನ್ ಸಾಹೇಬ್ ಎಂದಿತ್ತು. "ಇದಲ್ಲ" ಎಂದು ಮುಂದಕ್ಕೆ ಸರಿದರು. ಅಲ್ಲಿಯೂ ಅದೇ ಸೌಟು, ಅದೇ ಕುಟ್ಟಿದ ಚುಕ್ಕಿ. ಹಾಜಿ ಉಸ್ಮಾನ್ ಸಾಹೇಬ್. ಅದರಾಚೆಗಿನದೂ ಹಾಜಿ ಉಸ್ಮಾನ್. ಸಾಲು ಮುಗಿಯುವವರೆಗೂ ಒಬ್ಬನೇ ಹಾಜಿ, ಒಂದೇ ತಾರೀಖಿಗೆ, ಮತ್ತೆ ಮತ್ತೆ ಸತ್ತಿದ್ದ.

ಮಾಸ್ತರ ಕೈಯಲ್ಲಿ ಕಡ್ಡಿ ನಿಂತಿತು. ಮಕ್ತುಮ್ ಸಾಬನಿಗೂ ಓದು ಬರುತ್ತಿರಲಿಲ್ಲ. ಯಾರೋ ಹಾಜಿಯ ಮನೆಯವರು ಒಮ್ಮೆ ಕಾಗದದ ಮೇಲೆ ಬರೆದುಕೊಟ್ಟದ್ದನ್ನೇ ಅವನು ಜೀವನವಿಡೀ ಕುಟ್ಟಿದ್ದ. ಕಲ್ಲು ಮಾಡಿಸಿದವರು ಅಳುತ್ತ ನಿಲ್ಲಿಸಿ ಹೋಗಿದ್ದರು. ಓದಬಲ್ಲವರು ಅವನ ಹತ್ತಿರ ಬರುತ್ತಲೇ ಇರಲಿಲ್ಲ, ಅಮೃತಶಿಲೆ ತರಿಸುತ್ತಿದ್ದರು.

"ಸಿಕ್ಕಳೇನ್ರಿ?"

ಮಾಸ್ತರು ಸಾಲನ್ನು ಇನ್ನೊಮ್ಮೆ ನೋಡಿದರು. ಇವುಗಳಲ್ಲಿ ಒಂದರ ಕೆಳಗೆ ಮಗು ಇದ್ದೇ ಇತ್ತು. ಯಾವುದರ ಕೆಳಗೆಂದು ಹೇಳುವ ವಿದ್ಯೆ ಅವರಲ್ಲಿರಲಿಲ್ಲ.

"ಸಿಕ್ಕಳು ಖಾಲಾ" ಎಂದು ಎದುರಿಗಿದ್ದ ಕಲ್ಲನ್ನು ಮುಟ್ಟಿದರು. "ಇದೇ."

ಗುರುತು ಹಚ್ಚಲು ಹುಸೇನ್ ಸಾಬ್ ಸುಣ್ಣ ತರಲು ಹೋದ. ಬೀಬಿಜಾನ್ ಕೂತು, ಸೆರಗಿನಿಂದ ಕಲ್ಲು ಒರೆಸಿದಳು.

"ಹೆಸರು ಎಲ್ಲಿಂದ ಶುರು ಆಗ್ತೈತೆ?"

"ಬಲಗಡೆಯಿಂದ."

ಅವಳು ಬಲಗಡೆಯಿಂದ ಬೆರಳು ಇಟ್ಟಳು. ಅಕ್ಕಿಯಲ್ಲಿ ಹರಳು ಹುಡುಕಿ ಪಳಗಿದ ಬೆರಳು ಅದು, ಯಾವ ತಗ್ಗನ್ನೂ ಬಿಡಲಿಲ್ಲ. "ಇದು ನಿಮ್ಮ ಸೌಟು ಅಲ್ರಿ?"

"ಹೌದು. ನೂರ್ಜಹಾನ್ ಅನ್ನೋದರ ಕೊನೇ ಅಕ್ಷರ."

"ಎಷ್ಟು ದೊಡ್ಡ ಹೆಸರು ಇಟ್ಟಿದ್ವಿ" ಎಂದು ನಕ್ಕಳು. ಮತ್ತೆ ಬಲಕ್ಕೆ ಹೋಗಿ ಶುರು ಮಾಡಿದಳು. ಬಾಯಿಪಾಠದ ಹಾಗೆ, ಅಕ್ಷರ ಕೈಗೆ ಬರುವವರೆಗೆ, ತಿರುಗಿ ತಿರುಗಿ ಸವರಿದಳು. ಮಾಸ್ತರು ಹೊಳೆಯ ಕಡೆ ಮುಖ ಮಾಡಿ ನಿಂತರು.

ಏಳುವಾಗ ಅವಳಿಗೆ ಆಸರೆ ಬೇಕಾಯಿತು. ಪಕ್ಕದ ಕಲ್ಲನ್ನು ಹಿಡಿದಳು. ಎದ್ದು ನಿಂತ ಮೇಲೂ ಕೈ ಅಲ್ಲಿಯೇ ಉಳಿಯಿತು. ಬೆರಳು ಬಲದಿಂದ ಎಡಕ್ಕೆ ನಿಧಾನವಾಗಿ ಸರಿದು, ಸೌಟಿನಲ್ಲಿ ಬಂದು ನಿಂತಿತು. ಅವಳು ಅದರಾಚೆಯ ಕಲ್ಲಿಗೆ ಹೋದಳು. ಅದರಾಚೆಯದಕ್ಕೂ ಹೋದಳು.

ಹುಸೇನ್ ಸಾಬ್ ಸುಣ್ಣದ ಡಬ್ಬಿ ಹಿಡಿದು ಬಂದ. "ಯಾವುದಕ್ಕೆ ಹಚ್ಚಲಿ?"

ಬೀಬಿಜಾನ್ ಅವನ ಕಡೆ ನೋಡಲಿಲ್ಲ. "ಇಲ್ಲೀನೂ ನೂರ್ಜಹಾನ್ ಅದಾಳೆ. ಅಲ್ಲೀನೂ ಅದಾಳೆ" ಎಂದಳು. "ನಾನು ಯಾರ ಮಗ್ಗುಲಲ್ಲಿ ಮಲಗ್ಲಿ, ಮಾಸ್ತರೇ?"