ಸೇಂಟ್ ಒಡೀಲ್‌ಗೆ ಕೊಟ್ಟ ದರ್ಜೆ

“ಅಪಾಯ ಹೆಚ್ಚು ಅಂತ ಬರೀತೀರಂತೆ? ಯಾರ ಮೇಲೆ ಅತ್ತೆ ಈ ಸೇಡು?”

ಫೋನಿನಲ್ಲಿ ಅಳಿಯ ವಿಶ್ವಾಸ್ ಕೇಳಿದ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನ ಕಿಟಕಿಯಾಚೆ, ಫ್ರೀವೇ ಮೇಲೆ ಕಾರುಗಳು ನಿಂತುಬಿಟ್ಟಿದ್ದವು. ನಾಗಮಣಿ ಅವನ್ನೇ ನೋಡುತ್ತಿದ್ದಳು.

ಯಾವ ದೇಶದಲ್ಲಿ ಬಂಡವಾಳ ಹೂಡಬಹುದು, ಎಲ್ಲಿ ಲಂಚ, ಕಳ್ಳಹಣ ಹೆಚ್ಚು ಎಂದು ಅಳೆದು ಹೇಳುವುದು ಅವಳ ಕೆಲಸ. ಈ ಸಲದ್ದು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶ ಸೇಂಟ್ ಒಡೀಲ್. ಅವಳ ಒಬ್ಬಳೇ ಮಗಳು ಶ್ರೀಜಾ ಗಂಡನ ಜೊತೆ ರಜೆಗೆ ಹೋಗಿ ಮುಳುಗಿದ್ದು ಅಲ್ಲಿಯೇ. ಹೆಣ ಸಿಗಲಿಲ್ಲ. ಮರಣಪತ್ರವನ್ನು ನಾಗಮಣಿಯೇ ಓಡಾಡಿ ಮಾಡಿಸಿದಳು. ಅಳಿಯ ಆಗ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಈ ಫೈಲು ಬೇಡವೆಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಅವಳು ಹಟ ಹಿಡಿದು ತೆಗೆದುಕೊಂಡಳು.

ವಿಶ್ವಾಸ್ ಕೆಲಸ ಮಾಡುವ ಆಸ್ಟಿನ್ ಕಂಪನಿ ಆ ದ್ವೀಪದಲ್ಲಿ ರೆಸಾರ್ಟ್ ಕಟ್ಟಲು ಹೊರಟಿತ್ತು. ನಾಗಮಣಿ ‘ಅಪಾಯ ಕಡಿಮೆ’ ಎಂದರೆ ಅವನು ಅಲ್ಲಿಗೇ ಶಿಫ್ಟ್ ಆಗುತ್ತಾನೆ. ‘ಹೆಚ್ಚು’ ಎಂದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

“ಅವಳು ಕೊನೇಲಿ ಇದ್ದ ಜಾಗ ಅತ್ತೆ. ಹತ್ರ ಇರ್ಬೇಕು ಅನ್ಸುತ್ತೆ, ಅಷ್ಟೇ,” ಎಂದ ವಿಶ್ವಾಸ್.

ಬೇರೆ ಯಾರಾದರೂ ಕರಗುತ್ತಿದ್ದರು. ನಾಗಮಣಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಮಗಳನ್ನು ನೆನೆದರೆ ಕಣ್ಣೀರೂ ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಹ್ಯೂಸ್ಟನ್ನಿನ ಸುಡುಬಿಸಿಲಲ್ಲೂ ಶ್ರೀಜಾ ಹಾಕುತ್ತಿದ್ದ ತುಂಬುತೋಳಿನ ಕುರ್ತಾ ಮಾತ್ರ ಕಣ್ಣಮುಂದೆ ಬರುತ್ತಿತ್ತು.

ಹಿಂದಿನ ಶನಿವಾರ ಪೇರ್‌ಲ್ಯಾಂಡಿನ ಪುರೋಹಿತರ ಮನೆಯಲ್ಲಿ ವರ್ಷದ ತಿಥಿ ನಡೆದಿತ್ತು. ವಿಶ್ವಾಸ್ ಬಿಕ್ಕುತ್ತಲೇ ಪಿಂಡ ಇಟ್ಟ. ಹಿತ್ತಲ ಬೇಲಿಯ ಮೇಲೆ ಕಾಗೆ ಬಂದು ಕೂತಿತು. ನೋಡಿತು, ಹಾರಿಹೋಯಿತು.

“ಏನೋ ಆಸೆ ಉಳಿದಿದೆ,” ಎಂದರು ಪುರೋಹಿತರು.

ಊಟಕ್ಕೆ ಕೂತಾಗ ನಾಗಮಣಿ ಇನ್ನೊಂದು ವಡೆ ಕೇಳಿ ಹಾಕಿಸಿಕೊಂಡಳು. ವಿಶ್ವಾಸ್‌ನ ತಾಯಿ ಸರೋಜಾ ಮೂಗಿನ ಮೇಲೆ ಬೆರಳಿಟ್ಟಳು. “ಹೆತ್ತ ಕರುಳೇನ್ರೀ ಇದು?”

ವರದಿಗಾಗಿ ದ್ವೀಪದ ಸಣ್ಣ ವ್ಯಾಪಾರಿಗಳನ್ನೂ ವಿಡಿಯೋ ಕರೆಯಲ್ಲಿ ವಿಚಾರಿಸಬೇಕಿತ್ತು. ಕೊನೆಯವಳು ಬೇಕರಿ ನಡೆಸುವ ಹೆಂಗಸು. ನೆಟ್‌ವರ್ಕ್ ಸರಿಯಿಲ್ಲವೆಂದು ಕ್ಯಾಮೆರಾ ಆರಿಸಿದ್ದಳು. ಮಾತು ಇಂಗ್ಲಿಷಿನಲ್ಲಿ ನಡೆಯಿತು. ಸಹಾಯಕಿ ಪ್ರಗತಿ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದಳು.

“ನಿಮಗೆ ಯಾರಾದರೂ ತೊಂದರೆ ಕೊಡುತ್ತಾರೆಯೇ?” ನಾಗಮಣಿ ಕೇಳಿದಳು.

“ಇಲ್ಲಿ ಯಾರೂ ಇಲ್ಲ.”

“ಹೊರಗಿನ ದೊಡ್ಡ ಕಂಪನಿ ಬಂದರೆ?”

“ಅಂಗಡಿ ಮುಚ್ಚಿ ಮತ್ತೆಲ್ಲಿಗಾದರೂ ಹೋಗಬೇಕಾಗುತ್ತದೆ.”

ನಾಗಮಣಿ ಮುಂದಿನ ಪ್ರಶ್ನೆ ಕೇಳಲು ಮರೆತಳು. ಪ್ರಗತಿಯೇ ನೆನಪಿಸಬೇಕಾಯಿತು.

ವರದಿಯಲ್ಲಿದ್ದದ್ದು ಯಾವುದೂ ಸುಳ್ಳಲ್ಲ. ಕೋರ್ಟು ನಿಧಾನ. ಕಂಪನಿಗಳ ನಿಜವಾದ ಮಾಲೀಕರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ.

“ಆಂಟಿ, ಜನನ, ಮರಣದ ಸರ್ಟಿಫಿಕೇಟುಗಳಿಗೂ ಅಲ್ಲಿ ಲಂಚ ನಡೆಯುತ್ತಲ್ಲ, ಅದನ್ನ ಬಿಟ್ಟಿದೀರಿ,” ಎಂದಳು ಪ್ರಗತಿ.

“ಅದು ಬೇಡ ಕಣಮ್ಮ.”

ಪಾಪ, ಮಗಳ ಸಾವು ನೆನಪಾಗಿರಬೇಕು ಎಂದುಕೊಂಡು ಪ್ರಗತಿ ಸುಮ್ಮನಾದಳು.

ಅಪಾಯದ ದರ್ಜೆ: ಅತಿ ಹೆಚ್ಚು. ನಾಗಮಣಿ ವರದಿ ಕಳಿಸಿದಳು.

ಎರಡು ವಾರ ಕಳೆದ ಮೇಲೆ ವಿಶ್ವಾಸ್‌ನ ಮೆಸೇಜ್ ಬಂತು. ‘ಪ್ರಾಜೆಕ್ಟ್ ಕ್ಯಾನ್ಸಲ್ ಆಯ್ತು. ನಾನಿನ್ನು ಆ ಕಡೆ ತಲೆ ಹಾಕಲ್ಲ. ಈಗ ತೃಪ್ತಿಯಾಯ್ತಾ ಅತ್ತೆ?’

ಅವಳಿಗೆ ಏನೂ ಅನ್ನಿಸಲಿಲ್ಲ. ಮೆಸೇಜನ್ನು ಮತ್ತೊಮ್ಮೆ ಓದಿದಳು. ಆಗಲೂ ಇಲ್ಲ.

ವಿಚಾರಣೆಗೆ ಸಿಕ್ಕವರಿಗೆಲ್ಲ ಕರೆ ಮಾಡಿ ಧನ್ಯವಾದ ಹೇಳುವುದು ಆಫೀಸಿನ ಪದ್ಧತಿ. ಪ್ರಗತಿ ಊಟಕ್ಕೆ ಹೋಗಿದ್ದಳು. ನಾಗಮಣಿ ಬಾಗಿಲು ಹಾಕಿ ಬೇಕರಿಯವಳಿಗೆ ಕರೆ ಮಾಡಿದಳು. ಈ ಸಲವೂ ಪರದೆ ಕಪ್ಪಾಗಿಯೇ ಇತ್ತು.

“ಆ ಕಂಪನಿ ಇನ್ನು ಬರುವುದಿಲ್ಲ,” ಎಂದು ಇಂಗ್ಲಿಷಿನಲ್ಲೇ ಹೇಳಿದಳು.

ಆ ಕಡೆ ಯಾರೋ ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರು ಬಿಟ್ಟರು. ಆಮೇಲೆ ಕನ್ನಡ ಕೇಳಿಸಿತು.

“ನನ್ನ ತಿಥಿ ವಡೆ ಚೆನ್ನಾಗಿತ್ತೇನಮ್ಮಾ?”