ಪಕ್ಕದ ಸೀಟು

ಶಿಳ್ಳೆ ಹೊಡೀರಿ ಸ್ವಾಮಿ, ನಮ್ಮ ಹೀರೋನಂಥ ಎಂಜಿನಿಯರ್ ನಿಮ್ಮೂರಲ್ಲಿ ಹುಟ್ಟೇ ಇಲ್ಲ! ನೂರು ಟನ್ನಿನ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ಹಳೇ ಸೇತುವೆಯ ಮುಂದೆ ನಿಂತಿತ್ತು. ಅವನು ಸ್ಟೈಲಾಗಿ ಕೈ ಬೀಸಿದ. "ನಡೀಲಿ ಭಾವ! ಈ ಸೇತುವೆ ಬೀಳೋದು ಲಕ್ಷಕ್ಕೊಂದು ಸಲ. ಲೆಕ್ಕ ಹಾಕಿದ್ದು ಯಾರು? ನಾನು!"

ಸ್ಟೀರಿಂಗ್ ಹಿಡಿದಿದ್ದ ಅವನ ಅಕ್ಕನ ಗಂಡ ನಗುತ್ತಾ ಪಕ್ಕದ ಬಾಗಿಲು ತೆರೆದ. "ಹಂಗಾದ್ರೆ ಹತ್ತು ಬಾರೋ ಭಾಮೈದ. ಸೀಟು ಖಾಲಿ ಇದೆ."

"ಬಂದೆ ಭಾವ, ಒಂದ್ನಿಮಿಷ. ಶೂ ಲೇಸ್ ಬಿಚ್ಚೋಗಿದೆ," ಎಂದು ಹೀರೋ ಬಗ್ಗಿದ.

ನಿಜ ಹೇಳಿಬಿಡುತ್ತೇನೆ. ಅವನ ಕಾಲಲ್ಲಿದ್ದದ್ದು ಚಪ್ಪಲಿ. ಗಂಡನಿಗೆ ಊಟದ ಡಬ್ಬಿ ತಂದಿದ್ದ ಅಕ್ಕ ಆ ಚಪ್ಪಲಿ ನೋಡಿದಳು, ತಮ್ಮನ ಕೆಂಪಾದ ಕಿವಿಯನ್ನೂ ನೋಡಿದಳು. "ನನ್ನ ತಮ್ಮ ಲೆಕ್ಕ ಹಾಕಿದ್ದಾನಲ್ಲ, ಇನ್ನೇನು ಭಯ?" ಎನ್ನುತ್ತಾ ತಾನೇ ಗಂಡನ ಪಕ್ಕ ಹತ್ತಿ ಕುಳಿತಳು. ಟ್ರೇಲರ್ ಸೇತುವೆಗೇರಿದರೂ ಹೀರೋ ತಲೆ ಎತ್ತಲಿಲ್ಲ.